ಲ್ವೇಂದೊಳ ‘ಗೊತ್ತಿಲ್ಲ’

ಜಾಂಬಿಯಾದ ರಾಜಧಾನಿ ಲುಸಾಕಾದ ಕಬ್ವಾಟಾ ಬಡಾವಣೆಯಲ್ಲಿ ಹೊಲಿಗೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಗ್ರಾಹಕರ ಫೋನು ಬಂದರೆ ಎತ್ತಿ ಮಾತಾಡುವುದು ನನ್ನ ಕೆಲಸ. ಎದುರಿನ ಮೇಜಿನಲ್ಲಿ ಲ್ವೇಂದೊ ಕೂರುತ್ತಿದ್ದಳು. ದಕ್ಷಿಣದ ಮೊಂಜೆ ಊರಿನ ಕಡೆಯವಳು, ಮಾತು ಕಡಿಮೆ. ಸಿಟ್ಟು ಬಂದರೆ ಎದುರಿಗಿದ್ದವರನ್ನು ಬಿಟ್ಟು ಕೀಲಿಮಣೆಯನ್ನು ಕುಟ್ಟುತ್ತಿದ್ದಳು.

ಆ ವರ್ಷ ಅವಳು ಬಹಳ ಕುಟ್ಟಿದಳು.

ಜನ ಫೋನಿನಲ್ಲಿ ಎಐ ಸಹಾಯಕನನ್ನು ಕೇಳುತ್ತಾರಲ್ಲ, ಗೇಟು ಹಾಕಿದೆಯಾ, ನೀರಿನ ಪಂಪು ಓಡುತ್ತಿದೆಯಾ ಎಂದು? ಆ ಸಹಾಯಕನಿಗೆ ಸ್ವತಃ ಏನೂ ಕಾಣುವುದಿಲ್ಲ. ಮನೆಯ ಉಪಕರಣಗಳ ಸ್ಥಿತಿ ವಿಚಾರಿಸಿ ಅವನಿಗೆ ತಿಳಿಸುವ ಟೂಲ್ ಒಂದನ್ನು ಬರೆದವಳು ಲ್ವೇಂದೊ. ಮೊದಲು ಅವಳು ಅದಕ್ಕೆ ಮೂರು ಉತ್ತರ ಇಟ್ಟಿದ್ದಳು: ಆನ್ ಆಗಿದೆ, ಆಫ್ ಆಗಿದೆ, ಗೊತ್ತಿಲ್ಲ. ಮೂರನೆಯದನ್ನು ನಮ್ಮ ಯಜಮಾನ ಮುಕುಕಾ ತೆಗೆಸಿದ.

"ದುಡ್ಡು ಕೊಟ್ಟೋರು ‘ಗೊತ್ತಿಲ್ಲ’ ಅಂತ ಕೇಳಿಸ್ಕೊಳ್ಳೋಕೆ ಬರ್ತಾರಾ? ಕೊನೇದಾಗಿ ಏನಿತ್ತೋ ಅದನ್ನೇ ಹೇಳು," ಎಂದ.

"ಕರೆಂಟ್ ಹೋದ್ರೆ ವೈಫೈನೂ ಹೋಗುತ್ತೆ ಸರ್. ಆಮೇಲೆ ನಮಗೆ ಸಿಗೋದು ಹಳೇ ಸುದ್ದಿ. ಈ ಊರಲ್ಲಿ ಕರೆಂಟ್ ಯಾವಾಗ ಇರುತ್ತೆ ಹೇಳಿ?"

"ಯಾವಾಗ್ಲೂ ಅಪಶಕುನ ನುಡೀಬೇಡ."

ಅವಳು ಮತ್ತೆ ಹೇಳಿದಳು, ಇನ್ನೊಮ್ಮೆ ಬರೆದು ಕಳಿಸಿದಳು. ಕೊನೆಗೆ ಬೇಸತ್ತು ಅವನು ಹೇಳಿದಂತೆ ಮಾಡಿದಳು.

ಆ ಟೂಲನ್ನು ಅವಳು ತನ್ನ ಸೋದರತ್ತೆಯ ಮನೆಗೂ ಹಾಕಿಕೊಟ್ಟಿದ್ದಳು. ಚೂಲ್ವೆಯ ತಾಯಿಯಾದ್ದರಿಂದ ಆಕೆಯನ್ನು ಎಲ್ಲರೂ ಬಿನಾ ಚೂಲ್ವೆ ಎನ್ನುತ್ತಾರೆ. ಹಿತ್ತಿಲಲ್ಲಿ ಕೋಳಿಮರಿ ಸಾಕಿ ಮಾರುವವರು. ನಮ್ಮಲ್ಲಿ ಜೂನ್ ಎಂದರೆ ಚಳಿಗಾಲ, ಮರಿಗಳ ಗೂಡಿನಲ್ಲಿ ಶಾಖದ ದೀಪ ಸದಾ ಉರಿಯಬೇಕು. ಕರೆಂಟ್ ಹೋದರೆ ತಕ್ಷಣ ಇದ್ದಿಲಿನ ಅಗ್ಗಿಷ್ಟಿಕೆ ಇಡಬೇಕು.

ಒಂದು ಶನಿವಾರ ಅತ್ತೆ ಊರಿನ ಇನ್ನೊಂದು ತುದಿಗೆ, ಮದುಮಗಳಿಗೆ ಹೆಂಗಸರು ಸೇರಿ ಮಾಡುವ ಸಮಾರಂಭಕ್ಕೆ ಹೋದರು. ಅಲ್ಲಿ ಜನರೇಟರ್ ಇತ್ತು, ಡೋಲು ಇತ್ತು, ಕುಣಿತ ಇತ್ತು. ನಡುನಡುವೆ ಆಕೆ ಫೋನನ್ನು ಕೇಳುತ್ತಲೇ ಇದ್ದರು: ದೀಪ ಉರೀತಿದೆಯಾ? ಉರಿಯುತ್ತಿದೆ, ಎಂದಿತು ಅದು, ಕೇಳಿದಾಗಲೆಲ್ಲ. ಆಕೆ ನೆಮ್ಮದಿಯಾಗಿ ಇನ್ನೊಂದು ಸುತ್ತು ಕುಣಿದರು.

ಮನೆಯಲ್ಲಿ ಮಧ್ಯಾಹ್ನವೇ ಕರೆಂಟ್ ಹೋಗಿತ್ತು. ಸಂಜೆ ಬಂದು ನೋಡಿದರೆ ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಅಡಿಯಲ್ಲಿದ್ದವು ಉಸಿರುಕಟ್ಟಿ ಸತ್ತಿದ್ದವು. ಬದುಕಿದ್ದವು ಕೆಲವೇ.

ಸೋಮವಾರ ಬೆಳಗ್ಗೆ ಬಿನಾ ಚೂಲ್ವೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಸೊಂಟಕ್ಕೆ ಚಿಟೆಂಗೆ ಬಟ್ಟೆ ಬಿಗಿದು ಸುತ್ತಿತ್ತು, ತಲೆಯ ಮೇಲೆ ಪ್ಲಾಸ್ಟಿಕ್ ಬೋಗುಣಿ. ನೇರವಾಗಿ ಒಳಗೆ ನಡೆದು ಬೋಗುಣಿಯನ್ನು ಮುಕುಕಾನ ಮೇಜಿನ ಮೇಲೆ, ಅವನ ಚಹಾದ ಪಕ್ಕದಲ್ಲೇ ಇಟ್ಟು, ಮುಚ್ಚಿದ್ದ ಬಟ್ಟೆ ತೆಗೆದರು.

"ಕೇಳಪ್ಪಾ, ನಿನ್ನ ಫೋನನ್ನ ಕೇಳು. ಇವು ಬೆಚ್ಚಗಿದಾವಾ ಅಂತ."

ಮುಕುಕಾ ಕುರ್ಚಿ ಹಿಂದಕ್ಕೆ ತಳ್ಳಿದ. "ಅಮ್ಮಾ, ದಯವಿಟ್ಟು, ಇದು ಆಫೀಸು..."

"ನನ್ನದೂ ಆಫೀಸೇ, ಹಿತ್ತಲಲ್ಲಿದೆ. ಅಲ್ಲಿಗೆ ನೀನು ಸುಳ್ಳು ಕಳಿಸಬಹುದು, ನಾನು ಇಲ್ಲಿಗೆ ಸತ್ತ ಮರಿ ತರಬಾರದಾ?" ಆಮೇಲೆ ಸೋದರಸೊಸೆ ಲ್ವೇಂದೊ ಕಡೆ ತಿರುಗಿದರು. "ನೀನೇನೇ ನೋಡ್ತಾ ಕೂತಿದ್ದೀಯ? ಓದಿಸಿದ್ದು ಇದಕ್ಕಾ?"

ಲ್ವೇಂದೊ ಎದ್ದು ಬಂದಳು. ಮೊದಲೇ ಹೇಳಿದ್ದೆ ಎನ್ನಬಹುದಿತ್ತು. ಮುಕುಕಾ ಅದನ್ನೇ ಕಾಯುತ್ತಿದ್ದ ಎಂದು ನನಗನ್ನಿಸಿತು. ಅವಳು ಬೋಗುಣಿಗೆ ಬಟ್ಟೆ ಮುಚ್ಚಿ, ಅತ್ತೆಯನ್ನು ಕರೆದುಕೊಂಡು ಕೆಳಗಿಳಿದಳು. ಮರಳಿ ಬಂದವಳು ಯಜಮಾನನಿಗೆ ಒಂದೇ ಮಾತು ಹೇಳಿದಳು: "ಮೂರನೇದನ್ನ ವಾಪಸ್ ಹಾಕ್ತೀನಿ."

ಅವನು ತಣ್ಣಗಾದ ಚಹಾ ನೋಡುತ್ತ, "ಹಾಕು ಮಾರಾಯ್ತಿ," ಎಂದ.

ಹಾಕಿದರೆ ಮುಗಿಯಿತೇ? ಆ ಸಹಾಯಕ ಎಂಬ ಪ್ರಾಣಿಗೆ ‘ಗೊತ್ತಿಲ್ಲ’ ಎಂದು ಹೇಳಿಸುವುದು ಎಷ್ಟು ಕಷ್ಟ ಎಂದು ಆಗಲೇ ನಮಗೆ ತಿಳಿದದ್ದು. ದೀಪದ ಸಂಪರ್ಕ ಸಿಗುತ್ತಿಲ್ಲ, ಕೊನೆಯ ಸುದ್ದಿ ಬೆಳಗಿನದು ಎಂದು ಟೂಲು ಸ್ಪಷ್ಟವಾಗಿಯೇ ಹೇಳಿತು. ಸಹಾಯಕ ಅದನ್ನು ನುಂಗಿಕೊಂಡು, "ದೀಪ ಉರಿಯುತ್ತಿದೆ, ನಿಮ್ಮ ಮರಿಗಳು ಬೆಚ್ಚಗಿವೆ!" ಎಂದ.

"ಬೆಚ್ಚಗಿವೆಯಂತೆ! ಮರಿಗಳ ವಿಷಯ ಇವನಿಗೆ ಹೇಳಿದ್ದು ಯಾರು?" ಎಂದು ಲ್ವೇಂದೊ ಮೇಜಿಗೆ ಹಣೆ ಒತ್ತಿದಳು.

ಟೂಲಿನ ಉತ್ತರದ ಪದಗಳನ್ನು ಬದಲಿಸಿದಳು. ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಬರೆದಳು. ಸಹಾಯಕ ಒಮ್ಮೆ ಸರಿ ಹೇಳಿದರೆ ಮರುಸಲ ಮತ್ತೆ ಅದೇ ರಾಗ. ನಡುವೆ ನಮ್ಮ ಆಫೀಸಿನ ಕರೆಂಟೇ ಹೋಗುತ್ತಿತ್ತು. ಆಗ ಅವಳು ಕಿಟಕಿ ಬಳಿ ನಿಂತು ಹುರಿದ ಕಡಲೆಕಾಯಿ ತಿನ್ನುತ್ತ ತನ್ನೂರಿನ ತೊಂಗಾ ಮಾತಿನಲ್ಲಿ ಏನೇನೋ ಗೊಣಗುತ್ತಿದ್ದಳು. ನನಗೆ ಆ ಭಾಷೆ ಬಾರದು, ಅರ್ಥ ಮಾತ್ರ ಆಗುತ್ತಿತ್ತು.

ಕೊನೆಗೆ ಅವಳು ಹಳೆಯ ಸುದ್ದಿಯನ್ನು ಸಹಾಯಕನ ಕೈಗೆ ಕೊಡುವುದನ್ನೇ ನಿಲ್ಲಿಸಿದಳು. ಸಂಪರ್ಕ ಕಡಿದರೆ ಆನ್ ಎಂಬ ಪದವೂ ಇಲ್ಲ, ಆಫ್ ಎಂಬ ಪದವೂ ಇಲ್ಲ. ತಿರುಚಲು ಏನೂ ಸಿಗದೆ ಅವನು ದಾರಿಗೆ ಬಂದ.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಕರೆಂಟ್ ಹೋದಾಗಲೆಲ್ಲ ಫೋನು ಹೊಡೆದುಕೊಳ್ಳುತ್ತಿತ್ತು. "ಗೊತ್ತಿಲ್ಲ ಅನ್ನೋಕೆ ನಿಮಗ್ಯಾಕೆ ದುಡ್ಡು ಕೊಡ್ಬೇಕು?" ಎಂದವರೆಷ್ಟೋ. ಕೆಲವರು ಬಿಟ್ಟೇ ಹೋದರು. ಮುಕುಕಾ ಒಂದು ದಿನ ಬಂದು, "ಆ ಪದಾನ ಸ್ವಲ್ಪ ಸಿಹಿ ಮಾಡೋಕಾಗಲ್ವಾ?" ಎಂದ.

"ಆಗಲ್ಲ," ಎಂದಳು ಲ್ವೇಂದೊ, ತಲೆ ಎತ್ತದೆ.

ಬಿನಾ ಚೂಲ್ವೆ ಹೊಸ ಮರಿಗಳನ್ನು ತಂದಿದ್ದರು. ಜುಲೈನಲ್ಲಿ ಚರ್ಚಿನ ಹೆಂಗಸರ ಸಭೆಯಲ್ಲಿದ್ದಾಗ ಫೋನನ್ನು ಕೇಳಿದರೆ, ನನಗೆ ಗೊತ್ತಿಲ್ಲ, ಮನೆಯ ಸಂಪರ್ಕ ಸಿಗುತ್ತಿಲ್ಲ, ಎಂದಿತಂತೆ. ಕೂಡಲೇ ಪಕ್ಕದ ಮನೆಯಾಕೆಗೆ ಫೋನು ಮಾಡಿ ಅಗ್ಗಿಷ್ಟಿಕೆ ಇಡಿಸಿದರು. ಮರಿಗಳು ಉಳಿದವು.

ಅದಾದ ಮೇಲೆ ಆಕೆ ಸೊಸೆಗೆ ಫೋನು ಮಾಡಿದರು. ಹೊಗಳಿಕೆ ಬರುತ್ತದೆಂದು ನಾನೂ ಕಿವಿಗೊಟ್ಟೆ.

"ಏನೇ, ಆ ನಿನ್ನ ಯಂತ್ರಕ್ಕೆ ಏನೂ ಗೊತ್ತೇ ಇರಲ್ವಲ್ಲೇ! ಗೋಡೆಯಾಚೆಯಿಂದ ಇಣುಕಿದ್ರೆ ಪಕ್ಕದ ಮನೆಯೋಳಿಗೆ ಎಲ್ಲಾ ಗೊತ್ತಾಗುತ್ತೆ!"

"ಹಾಗಾದ್ರೆ ಅವಳನ್ನೇ ಕೇಳಿ ಅತ್ತೆ."

"ಕೇಳ್ತೀನಿ. ಆದ್ರೆ ಇದನ್ನ ತೆಗೀಬೇಡ. ಅವಳಿಗೆ ಯಾವಾಗ ಫೋನ್ ಮಾಡಬೇಕು ಅಂತ ನನಗೆ ಗೊತ್ತಾಗೋದು ಹೆಂಗೆ?"

ಲ್ವೇಂದೊ ಫೋನು ಕೆಳಗಿಟ್ಟು, ಎಷ್ಟೋ ದಿನಗಳ ನಂತರ ನಕ್ಕಳು. ಅಷ್ಟರಲ್ಲಿ ಕರೆಂಟ್ ಹೋಯಿತು, ನನ್ನ ಮೇಜಿನ ಫೋನು ಹೊಡೆದುಕೊಳ್ಳತೊಡಗಿತು.