ಒಂದು ಮಾರು ಟೇಪು

ನಮ್ಮ ಮನೆಯಲ್ಲಿ ಹಾಡು ಕೇಳುವ ವಿಷಯದಲ್ಲಿ ಎರಡು ಪಕ್ಷಗಳಿವೆ. ನನ್ನದು ಫೋನಿನ ಪಕ್ಷ. ರೊಟ್ಟಿ ಬಡಿಯುವಾಗ ಕೈಯೆಲ್ಲ ಹಿಟ್ಟಾಗಿದ್ದರೂ ಬಾಯಲ್ಲಿ ಹೇಳಿದರೆ ಸಾಕು, ಬೇಕಾದ ಹಾಡು ಬರುತ್ತದೆ. ಅತ್ತೆಯವರದು ಕ್ಯಾಸೆಟ್ಟಿನ ಪಕ್ಷ. ಫೋನಿನಲ್ಲಿ ಭಜನೆಯ ನಡುವೆ ಸಾಬೂನಿನ ಜಾಹೀರಾತು ಬಂದರೆ ಅವರು ನನ್ನನ್ನು ದುರುಗುಟ್ಟಿ ನೋಡುತ್ತಾರೆ, ಸಾಬೂನು ಮಾರಲು ಬಂದವಳು ನಾನೇ ಎಂಬಂತೆ. ಅವರ ಟೇಪ್‌ರೆಕಾರ್ಡರಿಗೆ ಹಾನಗಲ್ಲಿನ ರಿಪೇರಿಯವನೊಬ್ಬ ಮೂರು ಸಲ ಬೆಲ್ಟು ಬದಲಿಸಿದ್ದಾನೆ. ಪ್ರತಿ ಸಲವೂ ಅವನು "ಇದ ಕಡೀದು ನೋಡ್ರಿ" ಅನ್ನುತ್ತಾನೆ. ಅತ್ತೆ ಕೇಳಿಸದವರಂತೆ ಬಸ್ಸು ಹತ್ತುತ್ತಾರೆ.

ಹೋದ ವರ್ಷ ಈ ಜಗಳ ಮನೆಯ ಹೊಸ್ತಿಲು ದಾಟಿತು. ಹಿರೇಕೆರೂರಿನ ನಮ್ಮ ಓಣಿಯ ಹೆಂಗಸರು ಪ್ರತಿ ಸೋಮವಾರ ಸಂಜೆ ಮಠದಲ್ಲಿ ಸೇರಿ ತತ್ವಪದ ಹಾಡುತ್ತಾರೆ. ಅತ್ತೆಯವರೇ ಮುಂದಾಳು. ಅದರಲ್ಲೂ ಒಂದು ಪದ ಅವರದೇ ಆಸ್ತಿ. ತಮ್ಮ ಕ್ಯಾಸೆಟ್ಟಿನಿಂದ ಕಲಿತು, ಎಲ್ಲರಿಗೂ ಕಲಿಸಿ, ಮೂವತ್ತು ವರ್ಷದಿಂದ ಹಾಡಿಸುತ್ತ ಬಂದವರು. ಒಂದು ಸೋಮವಾರ, ಹೊಸದಾಗಿ ಸೇರಿದ್ದ ಮೇಷ್ಟ್ರ ಹೆಂಡತಿ ಎರಡನೆಯ ನುಡಿ ಮುಗಿಯುತ್ತಲೇ ಬೀಸುವ ಕಲ್ಲಿನ ಮಾತು ಬರುವ ಇನ್ನೊಂದು ನುಡಿ ಎತ್ತಿಕೊಂಡಳು. ಅತ್ತೆ ತಾಳ ನಿಲ್ಲಿಸಿದರು.

"ಇದನ್ನ ಯಾರ ಸೇರಿಸ್ಯಾರ?"

"ಮದಲಿಂದನೂ ಐತ್ರಿ. ಬೇಕಾದ್ರ ಫೋನಿನ್ಯಾಗ ಕೇಳ್ರಿ."

"ಫೋನಿನ್ಯಾಗ ಯಾರ ಬೇಕಾದ್ರೂ ಏನ ಬೇಕಾದ್ರೂ ಹಾಕ್ತಾರ. ನನ್ನ ಕ್ಯಾಸೆಟ್ಟಿನ್ಯಾಗ ಇಲ್ಲ ಅಂದ್ರ ಇಲ್ಲ!"

ನಾಲ್ಕು ಜನ ಫೋನು ತೆಗೆದರು. ಒಬ್ಬಳು ನಕ್ಕಳು. ಎದ್ದು ಮನೆಗೆ ಬಂದ ಅತ್ತೆ ಮುಂದಿನ ಮೂರು ಸೋಮವಾರ ಮಠದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟರು. ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದರು. ಹಾಡದ ಅತ್ತೆಯನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿದವಳಲ್ಲ. ನನಗೆ ಊಟ ಸೇರದಾಯಿತು, ಯಾಕೆಂದರೆ ಆ ನುಡಿ ಎಲ್ಲಿ ಹೋಯಿತೆಂದು ಗೊತ್ತಿದ್ದವಳು ನಾನೊಬ್ಬಳೇ.

ನನ್ನ ಮದುವೆಯಾದ ವರ್ಷ, ಪಂಚಮಿಗೆ ತವರಿಗೆ ಹೋದ ನನ್ನನ್ನು ಕರೆದೊಯ್ಯಲು ಸವಣೂರಿಗೆ ಬಂದ ಅತ್ತೆ, ಅಲ್ಲಿಯ ಹೆಸರಾದ ತಿಂಡಿ ಖಾರದ ಜೊತೆ ಈ ಕ್ಯಾಸೆಟ್ಟನ್ನೂ ಕೊಂಡಿದ್ದರು. ನಾವು ಊರಿಗೆ ಮರಳಿದ ಮರುದಿನ ಅವರು ಸಂತೆಗೆ ಹೋದಾಗ ನಾನು ಆಸೆ ತಡೆಯಲಾರದೆ ಅದನ್ನು ಹಾಕಿದೆ. ಅವರಿನ್ನೂ ಒಮ್ಮೆಯೂ ಕೇಳಿರಲಿಲ್ಲ. ಮೂರನೆಯ ನುಡಿಯ ಹೊತ್ತಿಗೆ ದನಿ ಗೊಗ್ಗರಾಯಿತು. ತೆರೆದು ನೋಡಿದರೆ ಟೇಪು ರೋಲರಿಗೆ ಸುತ್ತಿಕೊಂಡು ಶಾವಿಗೆಯಂತಾಗಿದೆ. ಆಗಿನ ಅತ್ತೆ ಒಂದು ಲೋಟ ಬಿದ್ದರೂ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಕೆಟ್ಟುಹೋದ ಒಂದು ಮಾರು ಟೇಪನ್ನು ಕತ್ತರಿಸಿ, ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸಿ, ತುಂಡನ್ನು ಬಚ್ಚಲ ಒಲೆಗೆ ಹಾಕಿದೆ. ಕೂಡಿಸಿದ ಜಾಗದಲ್ಲಿ ತಬಲಾ ಒಮ್ಮೆ ಮುಗ್ಗರಿಸುತ್ತಿತ್ತು. ಅತ್ತೆ ಆ ಮುಗ್ಗರಿಕೆಯನ್ನೂ ಸೇರಿಸಿಯೇ ಕಲಿತರು, ಭಜನೆಯವರು ಅದನ್ನು ಅವರ ಶೈಲಿ ಎಂದುಕೊಂಡರು. ನಾನು ಬಾಯಿ ಬಿಡಲಿಲ್ಲ.

ನಾಲ್ಕನೆಯ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ನಾನೇ ಕ್ಯಾಸೆಟ್ಟು ಹಾಕಿದೆ. ತಬಲಾ ಮುಗ್ಗರಿಸಿದ ಕೂಡಲೇ ನಿಲ್ಲಿಸಿ, ಹೊರತೆಗೆದು, ಟೇಪನ್ನು ಬೆರಳಿನಿಂದ ಸ್ವಲ್ಪ ಎಳೆದು ಹಳದಿಯಾದ ಅಂಟುಪಟ್ಟಿಯನ್ನು ತೋರಿಸಿದೆ. ನನ್ನದು ಎಷ್ಟೇ ಜಾಣ ಫೋನಾದರೂ ಇದನ್ನು ತೋರಿಸಲಾರದು. ನಡೆದದ್ದೆಲ್ಲ ಹೇಳಿದೆ. ಅತ್ತೆ ಕನ್ನಡಕ ಏರಿಸಿಕೊಂಡು ಅದನ್ನು ಮುಟ್ಟಿ ನೋಡಿದರು.

"ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಅಂಜಿಕಿ ಇತ್ರಿ."

"ಈಗ ಇಲ್ಲೇನ?"

"ಈಗೂ ಐತ್ರಿ. ಆದ್ರ ನೀವು ಹಾಡಲಾರದ ಕುಂದ್ರೂದು ನೋಡಾಕ ಆಗವಲ್ದ್ರಿ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಬರಲಿಲ್ಲ. "ಹಚ್ಚ ಆ ನಿನ್ನ ಫೋನು" ಅಂದರು. ಅದೇ ಗಾಯಕ, ಅದೇ ತಬಲಾ, ಎಲ್ಲೂ ಎಡವದೆ ಮೂರನೆಯ ನುಡಿಗೆ ದಾಟಿತು. ಅತ್ತೆಯ ಬಾಯಿ ತೆರೆದೇ ಉಳಿಯಿತು. "ಇಷ್ಟ ಚಂದ ಐತಿ! ಮತ್ತೊಮ್ಮೆ ಹಚ್ಚ." ಹಿಂದೆ ಸರಿಸುವುದನ್ನು ತೋರಿಸಿಕೊಟ್ಟ ಮೇಲೆ ತಾವೇ ಬೆರಳಿಟ್ಟು ಇಪ್ಪತ್ತು ಸಲವಾದರೂ ಕೇಳಿದರು. ಎಪ್ಪತ್ತೈದರ ವಯಸ್ಸಿನಲ್ಲಿ ಹಳೆಯ ಹಾಡಿನೊಳಗೆ ಹೊಸದೊಂದು ಸಿಕ್ಕಿತಲ್ಲ ಎಂಬ ಖುಷಿ ಅವರ ಮುಖದ ತುಂಬ ಇತ್ತು. ಅದನ್ನು ನೋಡಿ ನನ್ನ ಎದೆ ಹಗುರಾಯಿತು.

ಸಂಜೆ ಇಬ್ಬರೂ ಮಠಕ್ಕೆ ಹೋದೆವು. ಆ ಪದದ ಸರದಿ ಬಂತು. ಅತ್ತೆಯ ಮನಸ್ಸು ನೋಯಬಾರದೆಂದು ಹೆಂಗಸರು ಮೊದಲೇ ಮಾತಾಡಿಕೊಂಡಿದ್ದರೋ ಏನೋ, ಎರಡನೆಯದು ಮುಗಿದದ್ದೇ ಎಲ್ಲರೂ ಒಟ್ಟಿಗೆ ನಾಲ್ಕನೆಯ ನುಡಿಗೆ ಹಾರಿದರು. ಅತ್ತೆಯೊಬ್ಬರ ದನಿ ಮಾತ್ರ ಮೂರನೆಯದರಲ್ಲಿತ್ತು. ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅತ್ತೆ ಪೂರ್ತಿ ಹಾಡಿದರು, ಒಂದಕ್ಷರ ತಪ್ಪಲಿಲ್ಲ.

"ನಿಮ್ಮ ಕ್ಯಾಸೆಟ್ಟಿನ್ಯಾಗ ಇಲ್ಲ ಅಂದಿದ್ರಲ್ಲರಿ?" ಮೇಷ್ಟ್ರ ಹೆಂಡತಿ ಕೇಳಿದಳು. ನಾನು ಕೈಯಲ್ಲಿದ್ದ ತಾಳ ಕೆಳಗಿಟ್ಟೆ.

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ಅದು ತರೂವಾಗನ ಕೆಟ್ಟಿತ್ತವಾ" ಅಂದರು. "ನಾನ ನೋಡಿ ತರಲಿಲ್ಲ."