ಹದಿನೇಳನೇ ಬಿಲ್ಲೆ

ಬೆಳಕು ಹರಿಯುವ ಹೊತ್ತಿಗೆ ನೀರಣ್ಣ ಗಣಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಕಬ್ಬಿಣದ ಗೇಟಿನ ಕೆಳಗಿಂದ ಬರುವ ನೀರಿಗೆ ಅಳತೆಪಟ್ಟಿ ಇಳಿಸಿ, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. "ಹನ್ನೊಂದು ಸೆಂಟಿಮೀಟರ್. ನಿನ್ನೆಯಷ್ಟೇ. ಏರಿದ್ರೆ ಅಷ್ಟು ಭಯ ಇಲ್ಲ ಕಣ್ರೀ, ಒಮ್ಮೆಲೇ ಇಳೀತು ಅಂದ್ರೆ ಒಳಗೆಲ್ಲೋ ಕುಸಿದು ನೀರು ಕಟ್ಕೊಂಡಿದೆ ಅಂತ."

ಬೆಳ್ಳಿ, ಸೀಸದ ಈ ಗಣಿ ಮುಚ್ಚಿ ಇಪ್ಪತ್ತೊಂಬತ್ತು ವರ್ಷ. ನೀರು ಅಳೆಯುವವರಿಗೆ ಜನ ಇಟ್ಟ ಹೆಸರು ನೀರಣ್ಣ. ಸ್ವಂತ ಹೆಸರಿನಿಂದ ಕೂಗಿದರೆ ಈಗ ಅವರೇ ತಿರುಗಿ ನೋಡುವುದಿಲ್ಲ. ದಿನಕ್ಕೊಂದು ಬಾಟಲಿ ನೀರು ಪರೀಕ್ಷೆಗೆ, ಎರಡು ಮೂಟೆ ಸುಣ್ಣ ಗಣಿಯ ನೀರು ಬಂದು ನಿಲ್ಲುವ ಹೊಂಡಕ್ಕೆ. ಸುಣ್ಣ ಬಿದ್ದರೆ ನೀರಿನಲ್ಲಿರುವ ಸೀಸ ತಳಕ್ಕಿಳಿಯುತ್ತದೆ, ಕೆಳಗಿನ ಮನೆಗಳ ಬಾವಿ ಉಳಿಯುತ್ತದೆ. ಬಾವಿ ಉಳಿಸಿದ ಬೆರಳುಗಳ ಚರ್ಮ ಮಾತ್ರ ಉಳಿದಿಲ್ಲ.

ಕಲ್ಲಿನ ವಿಷಯ ಎತ್ತಿದರೆ ಅವರಿಗೆ ಮಾತು ಬರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯಾಳದ ಬಿಸಿನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಮೇಲೇರಿ, ತಣಿಯುತ್ತ ಸೀಸದ ಅದಿರನ್ನು ಮೆತ್ತಿಹೋಯಿತಂತೆ. ಬೆಳ್ಳಿ ಇರುವುದು ಆ ಅದಿರಿನ ಒಳಗೇ. "ಬೆಳ್ಳಿ ಗಣಿ ಅಂದ್ರೆ ಜನ ಫಳಫಳ ಅನ್ನುತ್ತೆ ಅಂದ್ಕೋತಾರೆ. ಹನ್ನೆರಡು ವರ್ಷ ಅಗೆದೆ, ಕಂಡಿದ್ದೆಲ್ಲ ಬೂದು ಕಲ್ಲು." ನಕ್ಷೆಯೇ ಇಲ್ಲದ ಕಾಲದಲ್ಲಿ ಹಿಂದಿನವರೂ ಇದೇ ಬಿರುಕಿನ ಜಾಡು ಹಿಡಿದು, ಬಂಡೆಗೆ ಬೆಂಕಿಯಿಟ್ಟು ಸೀಳುತ್ತ ಇಳಿದಿದ್ದರು. ಅವರು ಬಿಟ್ಟುಹೋದ ಪೊಟರೆಗಳಲ್ಲಿ ನೀರು ತುಂಬಿ ನಿಂತಿತ್ತು. ಎಲ್ಲೆಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಗಣಿಯ ಕೊನೆಯ ವರ್ಷ. ಆಗ ಬಾಗಿಲಲ್ಲೊಂದು ಹಲಗೆ. ಇಳಿಯುವವರು ತಮ್ಮ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಬೇಕು, ಮೇಲೆ ಬಂದಾಗ ತೆಗೆಯಬೇಕು. ಬಿಲ್ಲೆ ಇದ್ದರೆ ಆಳು ಒಳಗಿದ್ದಾನೆ. ನೀರಣ್ಣನದು ಹದಿನಾರು, ತಮ್ಮನದು ಹದಿನೇಳು. ತಮ್ಮ ಮಹಾ ಮರೆಗುಳಿ. ಅವನದನ್ನೂ ಅಣ್ಣನೇ ತೆಗೆದು ಜೇಬಿಗಿಳಿಸುವುದು ರೂಢಿ. ಆ ದಿನವೂ ತೆಗೆದರು. ಹಿಂದೆಯೇ ಬರುತ್ತಿದ್ದ ತಮ್ಮ ಹಾರೆ ಬಿಟ್ಟುಬಂದೆನೆಂದು ಅರ್ಧ ದಾರಿಯಿಂದ ಮತ್ತೆ ಒಳಗೆ ಹೋಗಿದ್ದ; ಅದು ಅಣ್ಣನಿಗೆ ಗೊತ್ತೇ ಆಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹಳೆಯ ಪೊಟರೆಯೊಂದು ಒಡೆಯಿತು. ಮೇಸ್ತ್ರಿ ಹಲಗೆ ನೋಡಿದ. ಖಾಲಿ. ಎಲ್ಲರೂ ಬಂದರೆಂದು ಪಂಪು ನಿಲ್ಲಿಸಿ, ಜನರನ್ನು ಮನೆಗೆ ಕಳಿಸಿದ. ತಮ್ಮ ಮುಂದೆ ಹೋಗಿರಬೇಕೆಂದು ನೀರಣ್ಣನೂ ಮನೆಗೆ ನಡೆದರು.

"ಮನೇಲಿ ಅಂಗಿ ಬಿಚ್ಚುವಾಗ ಜೇಬಲ್ಲಿ ಎರಡು ಬಿಲ್ಲೆ ಸದ್ದು ಮಾಡಿದ್ವು. 'ಅವನೆಲ್ಲೋ?' ಅಂದ್ರು ಅಮ್ಮ. ಓಡಿದೆ. ಆಗ್ಲೇ ನೀರು ಗೇಟಿನ ತನಕ ಬಂದಿತ್ತು."

ಅಮ್ಮ ಸಾಯುವವರೆಗೂ ಒಂದು ಮಾತು ಬೈಯಲಿಲ್ಲ. "ಬೈದಿದ್ರೆ ಎದೆ ಹಗುರ ಆಗ್ತಿತ್ತು," ಅನ್ನುತ್ತಾರೆ. ತಮ್ಮ ಒಳಗಿದ್ದಾನೆ ಎಂದು ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಲಗೆಯೇ ದಾಖಲೆ. ಕಾಗದದ ಪ್ರಕಾರ ಹದಿನೇಳನೆಯವನು ಮೇಲೆ ಬಂದು, ಆಮೇಲೆ ಎಲ್ಲೋ ಕಾಣೆಯಾಗಿದ್ದಾನೆ.

ಬರುವ ತಿಂಗಳು ನೀರು ಹೊರಬರಲು ಒಂದು ಕೊಳವೆಯಷ್ಟು ಜಾಗ ಬಿಟ್ಟು ಗಣಿಯ ಬಾಯಿಗೆ ಕಾಂಕ್ರೀಟು ತುಂಬುತ್ತಾರೆ. ಅದರ ಕಾಗದಕ್ಕೆ ಗಣಿಯ ಕಾವಲುಗಾರನ, ಅಂದರೆ ನೀರಣ್ಣನ, ಸಹಿ ಬೇಕು. ಅದರಲ್ಲಿ ಒಂದು ಸಾಲು: ಒಳಗಿರುವವರು, ಯಾರೂ ಇಲ್ಲ. ಎರಡು ಸಲ ಬಂದ ಕಾಗದವನ್ನು ನೀರಣ್ಣ ಎರಡು ಸಲವೂ ಸಹಿಯಿಲ್ಲದೆ ವಾಪಸ್ ಕಳಿಸಿದ್ದಾರೆ. ಮೂರನೇ ಸಲ ಕಳಿಸಿದರೆ ಕೆಲಸ ಹೋಗುತ್ತದೆಂದು ಹೆಂಡತಿಗೆ ಚಿಂತೆ.

"ನನಗೇನೂ ದೊಡ್ಡ ಆಸೆ ಇಲ್ಲ. 'ಯಾರೂ ಇಲ್ಲ' ಅನ್ನೋದನ್ನ ಹೊಡೆದುಹಾಕಿ 'ಒಬ್ಬ' ಅಂತ ಬರೀಲಿ. ಆಮೇಲೆ ಮುಚ್ಚಲಿ, ಸಿಮೆಂಟು ನಾನೇ ಕಲಸಿ ಕೊಡ್ತೀನಿ."

ಗೇಟಿನ ಪಕ್ಕ ಆ ಹಳೆಯ ಹಲಗೆ ಇನ್ನೂ ಇದೆ. ಮೊಳೆಗಳೆಲ್ಲ ತುಕ್ಕು ಹಿಡಿದಿವೆ. ಒಂದರಲ್ಲಿ ಮಾತ್ರ ಉಜ್ಜಿ ಬೆಳಗಿದ ಹಿತ್ತಾಳೆ ಬಿಲ್ಲೆ ತೂಗುತ್ತಿದೆ. ನೀರಣ್ಣ ಅದನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ನೇರ ಮಾಡುತ್ತಾರೆ.

"ಈ ಸಲ ನಾನು ತೆಗೆಯಲ್ಲ," ಅನ್ನುತ್ತಾರೆ.