ಗಾಜಿನ ಜಾಡಿಯೊಳಗೆ ಬಂದ ಕರೆ

ಈ ಬಾರಿ ಅಟ್ಟದಿಂದ ಕಾಯಿ ಇಳಿಸುವಾಗ, ವರ್ಷವಿಡೀ ಒಣಗಿದ ಸಿಪ್ಪೆಯ ಧೂಳಿನೊಡನೆ ಕೊಬ್ಬರಿಯ ಎಣ್ಣೆಗಂಪು ಮನೆಯೆಲ್ಲ ತುಂಬಿತು. ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟಿದೆಯೇ ಎಂದು ತಿಳಿಯಲು ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು ನಮ್ಮ ತುರುವೇಕೆರೆ ಸೀಮೆಯ ರೂಢಿ. ಒಂದನ್ನು ಅಲ್ಲಾಡಿಸಿದೆ. ಲೊಡಲೊಡ ಎಂದಿತು. ಕೈ ಅಲ್ಲೇ ನಿಂತಿತು… ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಭೌತಶಾಸ್ತ್ರದ ಮೇಡಂ ನೆನಪಾದರು.

ಅವರು ಹುಳಿಯಾರು ಕಡೆಯ ಕುರಿಗಾಹಿಗಳ ಹಟ್ಟಿಯಲ್ಲಿ ಹುಟ್ಟಿ, ಕಷ್ಟದಿಂದ ಓದಿ, ನಮ್ಮೂರ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದವರು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಓದಿದವನು. ಆ ವರ್ಷ ನಮ್ಮಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳ ಮಗಳು ಭೌತಶಾಸ್ತ್ರದಲ್ಲಿ ಅನುತ್ತೀರ್ಣಳಾದಳು. ಪೂರಕ ಪರೀಕ್ಷೆಯಲ್ಲೂ ತಪ್ಪಿದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಅಳಿಯ ಹೇಳಿಕಳುಹಿಸಿದ್ದರು. ಉಳಿದಿದ್ದುದು ಮೂರು ವಾರ. ನಾನೇ ಹೋಗಿ ಮೇಡಂ ಅವರನ್ನು ಬೇಡಿಕೊಂಡೆ.

ಮೊದಲ ದಿನ ಅವರು ನಮ್ಮ ಜಗಲಿಯ ಮೇಲೆ ಕುಳಿತು, ಅಲ್ಲಿ ರಾಶಿ ಹಾಕಿದ್ದ ಕಾಯಿಗಳಲ್ಲಿ ಒಂದನ್ನೆತ್ತಿ ಹುಡುಗಿಯ ಕಿವಿಯ ಬಳಿ ಅಲ್ಲಾಡಿಸಿದರು.

“ಈ ಸದ್ದು ನಿನ್ ಕಿವಿಗೆ ಹೆಂಗ್ ಬಂತಮ್ಮ?”

“ಆಕಾಶದಿಂದ ಮೇಡಂ. ಆಕಾಶ ಎಲ್ಲಾ ಕಡೆ ತುಂಬ್ಕೊಂಡಿದೆಯಲ್ಲ, ಅದರ ಗುಣಾನೇ ಸದ್ದು. ಬೆಳಕಿನ ಅಲೇನೂ ಅದನ್ನೇ ಹಿಡ್ಕೊಂಡ್ ಬರೋದು.”

“ಪರೀಕ್ಷೇಲೂ ಹಿಂಗೇ ಬರ್ದಿದ್ದಾ?”

“ಹೂಂ.”

“ಯಾವ ಗೈಡ್‌ನಾಗ್ ಓದ್ದೆ ಕಣೇ ಇದನ್ನ? ಮೊದ್ಲು ಆ ಗೈಡ್ ತಗೊಂಡೋಗಿ ಒಲೆಗಾಕು ಬುಡು!”

ಆ ಗೈಡು ಶಲ್ಯ ಹೊದ್ದು, ಅಲ್ಲೇ ಕಂಬಕ್ಕೆ ಒರಗಿ ಕುಳಿತಿತ್ತು. ಶಬ್ದವು ಆಕಾಶದ ಗುಣವೆಂದು ಪಾಠಶಾಲೆಯಲ್ಲಿ ಕಲಿತದ್ದನ್ನು ಅಲೆಗಳ ಪಾಠಕ್ಕೆ ಹೊಂದಿಸಿ, ಸಂಜೆ ಸಂಜೆ ಅವಳಿಗೆ ಹೇಳಿಕೊಟ್ಟವನು ನಾನು. ಒಂದು ಉತ್ತರದಿಂದ ಯಾರೂ ಸೋಲುವುದಿಲ್ಲ, ನಿಜ. ಆದರೆ ಬುಡವೇ ತಪ್ಪಿದ ಮೇಲೆ ಅದರ ಮೇಲಿನದೆಲ್ಲ ತಪ್ಪಿತ್ತು. ಹುಡುಗಿ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಮೇಡಂ ಅವಳನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಕರೆದರು. “ಸ್ವಾಮಿ, ನೀವೂ ಬರ್ಬೇಕು. ಫೋನ್ ಮಾಡಕ್ಕೆ ಒಬ್ರು ಬೇಕು,” ಎಂದರು.

ಅಲ್ಲಿ ಹತ್ತಿಯ ಮೆತ್ತೆಯ ಮೇಲೆ ತಮ್ಮ ಮೊಬೈಲನ್ನಿಟ್ಟು, ಅದರ ಮೇಲೆ ದೊಡ್ಡ ಗಾಜಿನ ಜಾಡಿಯನ್ನು ಬೋರಲು ಹಾಕಿದರು. ನಾನು ಕರೆ ಮಾಡಿದೆ. ಸದ್ದು ಸ್ಪಷ್ಟವಾಗಿ ಕೇಳಿತು. ಹುಡುಗಿ ಕೈಪಂಪಿನಿಂದ ಜಾಡಿಯ ಗಾಳಿಯನ್ನು ಹೊರಗೆಳೆದಂತೆ ಅದು ಕ್ಷೀಣಿಸುತ್ತ, ಕ್ಷೀಣಿಸುತ್ತ… ಕೊನೆಗೆ ಕೇಳದಾಯಿತು. ಕರೆ ಕಡಿದು ಮತ್ತೆ ಮಾಡಿಸಿದರು. ಸದ್ದಿಲ್ಲ, ಆದರೆ ಪರದೆ ಬೆಳಗಿತು, ಅದರ ಮೇಲೆ ನನ್ನ ಹೆಸರಿತ್ತು.

“ನೋಡಮ್ಮ, ಗಾಳಿ ಹೋಯ್ತು, ಸದ್ದೂ ಹೋಯ್ತು. ತಾತನೋರ್ ಕರೆ ಒಳಕ್ ಹೆಂಗ್ ಬಂತು? ಆ ಪರದೆ ಬೆಳಕು ಈಚೆಗ್ ಹೆಂಗ್ ಬಂತು?”

ಅನಂತರ ಹಟ್ಟಿಯ ಮಾತನ್ನು ಬಿಟ್ಟು, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು. ಎರಡೂ ಪರಸ್ಪರ ಲಂಬವಾಗಿ, ಅಲೆ ಸಾಗುವ ದಿಕ್ಕಿಗೂ ಲಂಬವಾಗಿ ಆಂದೋಲಿಸುತ್ತ, ಒಂದನ್ನೊಂದು ಹೊತ್ತು ನಡೆಯುವುದರಿಂದ ವಿದ್ಯುತ್ಕಾಂತೀಯ ತರಂಗಕ್ಕೆ ಯಾವ ಮಾಧ್ಯಮದ ಹಂಗೂ ಇಲ್ಲ. ರೇಡಿಯೋ ಅಲೆಯಾಗಲಿ, ಬೆಳಕಾಗಲಿ, ಕ್ಷ-ಕಿರಣವಾಗಲಿ, ನಿರ್ವಾತದಲ್ಲಿ ಎಲ್ಲಕ್ಕೂ ಒಂದೇ ವೇಗ. ತರಂಗದೂರ ಕುಗ್ಗಿದಷ್ಟೂ ಆವೃತ್ತಿ ಹೆಚ್ಚು. ಹುಡುಗಿ ಬರೆದುಕೊಂಡಳು. ನಾನು ಜಾಡಿಯನ್ನೇ ನೋಡುತ್ತಿದ್ದೆ.

ಹುಡುಗಿ ಉತ್ತೀರ್ಣಳಾದಳು. ಅಳಿಯ ಮದುವೆಯ ಮಾತು ಕೈಬಿಟ್ಟರು. ಅವಳೀಗ ತಿಪಟೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ವಿಭಾಗದಲ್ಲಿದ್ದಾಳೆ. ಫಲಿತಾಂಶ ಬಂದ ದಿನ ನಾನು ಹಣ್ಣು ಹಿಡಿದು ಮೇಡಂ ಮನೆಗೆ ಹೋದೆ. ತಪ್ಪು ನನ್ನದೆಂದು ಹೇಳಲು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. “ಹುಡ್ಗಿ ಗಟ್ಟಿ ಐತೆ ಸ್ವಾಮಿ, ಓದುಸ್ಬುಡಿ,” ಎಂದು ಅವರು ಕಾಫಿ ತರಲು ಒಳಗೆ ಹೋದರು. ಕಾಫಿ ಕುಡಿದು, ಅದನ್ನು ಹೇಳದೆಯೇ ಎದ್ದು ಬಂದೆ. ಮರುವರ್ಷ ಅವರಿಗೆ ವರ್ಗವಾಯಿತು…

ಅವರು ಕಾಯಿಲೆಯಿಂದ ತೀರಿಕೊಂಡ ಸುದ್ದಿಯನ್ನು ಕಳೆದ ಕಾರ್ತಿಕದಲ್ಲಿ ಮೊಮ್ಮಗಳೇ ತಿಳಿಸಿದಳು. ಅಳುತ್ತಳುತ್ತ ಹೇಳಿದಳು: “ತಾತ, ಹೇಳ್ಕೊಟ್ಟೋರು ಯಾರು ಅಂತ ಮೇಡಂಗೆ ಅವತ್ತೇ ಗೊತ್ತಾಗಿತ್ತು. ‘ತಾತನೋರ್ನ ಲ್ಯಾಬಿಗೆ ಕರಿಯಾಣ, ಫೋನ್ ಅವ್ರೇ ಮಾಡ್ಲಿ. ನೀನ್ ಏನೂ ಅನ್ಬ್ಯಾಡ, ದೊಡ್ಡೋರು ನೊಂದ್ಕೋತಾರೆ’ ಅಂದಿದ್ರು.”

ಪ್ರಾತಃಕಾಲ ಜಪ ಮುಗಿದ ಮೇಲೆ, ನನಗೆ ವಿದ್ಯೆ ಕೊಟ್ಟವರನ್ನು ಒಬ್ಬೊಬ್ಬರಾಗಿ ನೆನೆದು ಕೈಮುಗಿಯುವುದು ನನ್ನ ನಿಯಮ. ಈಗ ಕೊನೆಯಲ್ಲಿ ನನಗಿಂತ ಬಹಳ ಕಿರಿಯರಾಗಿದ್ದ ಅವರನ್ನೂ ನೆನೆಯುತ್ತೇನೆ. “ಹೇಳಿಕೊಟ್ಟವನು ನಾನಮ್ಮ, ತಪ್ಪು ನನ್ನದು,” ಎನ್ನುತ್ತೇನೆ. ಕೇಳಿಸಿಕೊಳ್ಳಬೇಕಾದವರು ಎದುರಿಗಿದ್ದಾಗ ಆಡಬೇಕಾಗಿದ್ದ ಮಾತು ಅದು.